ಕೆಂಪು ಹೊಟ್ಟೆಯ ಮೀನು

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು ನಿಜ, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಗುದ್ದಿಸಿಕೊಂಡು ಬಂದ ಕಾರುಗಳ ಮೈಯನ್ನು ಬಡಿದು ಮೊದಲಿನಂತೆ ಮಾಡುವುದು ಅವನ ಕಸುಬು. ಬಾಗಿಲ ತಗಡಿನ ಒಳಬದಿಗೆ ಎಡಗೈಯಲ್ಲಿ ಉಕ್ಕಿನ ದಿಮ್ಮಿ ಒತ್ತಿಹಿಡಿದು, ಹೊರಬದಿಯಿಂದ ಬಲಗೈಯಲ್ಲಿ ಸಣ್ಣಸಣ್ಣ ಪೆಟ್ಟು ಹಾಕುತ್ತ ಬರುತ್ತಿದ್ದ. ಎಲ್ಲಿ ಜೋರು, ಎಲ್ಲಿ ಮೆತ್ತಗೆ ಎನ್ನುವುದು ಕೈಗೇ ಗೊತ್ತಿತ್ತು, ತಲೆಯನ್ನು ಕೇಳುವ ಪ್ರಮೇಯವೇ ಇರಲಿಲ್ಲ. ಹಳೇ ಕಾರು ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡು ಹೋಗುವುದಿತ್ತು. ಬೆರಳ ಗೆಣ್ಣಿನಿಂದ ಗಾಡಿಯ ಸುತ್ತ ತಟ್ಟುತ್ತ ಬಂದು, ಸದ್ದು ಮಂಕಾದಲ್ಲಿ ನಿಂತು, "ಇಲ್ಲಿ ಗುಂಡಿ ಮುಚ್ಚೋಕೆ ಪುಟ್ಟಿ ಮೆತ್ತಿದಾರೆ ಸಾರ್. ಬಣ್ಣ ನೋಡಿ ಮರುಳಾಗ್ಬೇಡಿ" ಎಂದುಬಿಟ್ಟರೆ ಆ ವ್ಯಾಪಾರ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ತಗಡಿಗೆ ಇದ್ದ ಈ ಅಳತೆ ಮನುಷ್ಯರ ವಿಷಯಕ್ಕೆ ಬಂದರೆ ಮಂಗಮಾಯ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಮಾತಿಗೆ ಮೊದಲೇ ಕೈ ಓಡುತ್ತಿತ್ತು. ಗ್ಯಾರೇಜಿನ ಪೇಂಟರ್ ತಮಾಷೆಗೆಂದು ಅವನ ಚಹಾದ ಲೋಟ ಬಚ್ಚಿಟ್ಟು ಮುಂದಿನ ಹಲ್ಲೊಂದನ್ನು ಕಳೆದುಕೊಂಡ. ಬಸ್ಸಿನಲ್ಲಿ ಕಾಲು ತುಳಿದವನೊಬ್ಬ ಮುಂದಿನ ಸ್ಟಾಪಿನಲ್ಲಿ ಇಳಿಯಲಿಲ್ಲ, ಬಿದ್ದ. ಇದನ್ನೆಲ್ಲ ಹೇಳಿಕೊಂಡು ನಗುವವರು ಇದ್ದರು, ಸುತ್ತಿಗೆಯೂ ಅವರ ಜೊತೆ ಸೇರಿ ನಗುತ್ತಿದ್ದ. ಹೊಡೆಸಿಕೊಂಡವರು ನಕ್ಕದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಒಂದು ಸಂಜೆ ಮಾತಿಗೆ ಮಾತು ಬೆಳೆದು ಹೆಂಡತಿ ಅರ್ಧ ಊಟದಿಂದ ಎದ್ದಳು. ಅವನು ಕೈ ಹಿಡಿದು ಎಳೆದ. ಎಳೆದದ್ದಷ್ಟೇ ಆಗಿದ್ದರೆ ಬೇರೆ ಮಾತು, ತಿರುಚಿದ. ಮಣಿಕಟ್ಟಿನ ಮೂಳೆ ಮುರಿದ ಸದ್ದು ಅವನಿಗೂ ಕೇಳಿಸಿತು, ಅಡುಗೆಮನೆಯ ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದ ಮಗಳಿಗೂ ಕೇಳಿಸಿತು. ಮಾರನೇ ದಿನ ಹೆಂಡತಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮಗಳನ್ನು ಕರೆದುಕೊಂಡು, ಲಾಂಡ್ರಿ ನಡೆಸುವ ತನ್ನ ಅಕ್ಕನ ಮನೆಗೆ ಹೊರಟುಹೋದಳು. ಮೂಳೆ ಕೂಡಿತು. ಕೈ ಮಾತ್ರ ಪೂರ್ತಿ ತಿರುಗಲಿಲ್ಲ. ಇವತ್ತಿಗೂ ಬಾಟಲಿಯ ಮುಚ್ಚಳ ತೆಗೆಯಬೇಕಾದರೆ ಅಕ್ಕನನ್ನು ಕರೆಯಬೇಕು.

ಸುತ್ತಿಗೆ ಅತ್ತ, ಕಾಲು ಹಿಡಿದ, ಗೋಡೆಗೆ ತಲೆ ಚಚ್ಚಿಕೊಂಡ. ಹೆಂಡತಿ ಕರಗಲಿಲ್ಲ. ಕರಗಬೇಕಾದದ್ದೂ ಇರಲಿಲ್ಲ, ನನ್ನನ್ನು ಕೇಳಿದರೆ. ಆದರೆ ಮಗಳು ಅಪ್ಪ ಬೇಕು ಎಂದು ಹಟ ಹಿಡಿದದ್ದರಿಂದ ಕೊನೆಗೆ ಭಾನುವಾರಕ್ಕೊಮ್ಮೆ ಕಳಿಸಲು ಒಪ್ಪಿದಳು. ಅದಕ್ಕೊಂದು ಷರತ್ತು ಹಾಕಿದಳು.

"ಯಾರ ಮೇಲೂ ಕೈ ಎತ್ತಬಾರದು. ನನ್ನ ಮೇಲೆ ಅಂತಲ್ಲ, ಯಾರ ಮೇಲೂ. ಬೀದಿ ನಾಯಿಗೆ ಒದ್ದೆ ಅಂತ ನನ್ನ ಕಿವಿಗೆ ಬಿದ್ರೂ ಸಾಕು, ಆಮೇಲೆ ಅವಳನ್ನ ಮರೆತುಬಿಡು."

ಅಂದಿನಿಂದ ಸುತ್ತಿಗೆ ಬದಲಾದ. ಬದಲಾದ ಅನ್ನುವುದಕ್ಕಿಂತ ಬಿಗಿಹಿಡಿದ ಅನ್ನುವುದೇ ಸರಿ. ಸಿಟ್ಟು ಬಂದಾಗ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ ಮುಷ್ಟಿ ಕಟ್ಟುತ್ತಿದ್ದ. ಜೇಬಿನ ಹೊಲಿಗೆ ಕಿತ್ತುಹೋಗುತ್ತಿತ್ತು. ಪೇಂಟರನಿಗೆ ಇದು ಗೊತ್ತಾದದ್ದೇ ತಡ, ಹಲ್ಲಿನ ಬಾಕಿ ತೀರಿಸಿಕೊಳ್ಳಲು ಶುರುಮಾಡಿದ. ಎಲ್ಲರೆದುರು ಇವನ ತಲೆಗೆ ಮೊಟಕುವುದು, ಊಟದ ಡಬ್ಬಿಗೆ ಥಿನ್ನರ್ ಸುರಿಯುವುದು. ಸುತ್ತಿಗೆ ಹಲ್ಲು ಕಚ್ಚಿ ನುಂಗಿಕೊಂಡ. ಭಾನುವಾರ ಒಂದಿದ್ದರೆ ಸಾಕು, ಉಳಿದ ದಿನಗಳು ಹಾಳಾಗಿ ಹೋಗಲಿ ಎಂದುಕೊಂಡ.

ಭಾನುವಾರ ಎಂದರೆ ಮೀನು. ಊರಾಚೆ ಕೆಲಸ ನಿಂತುಹೋದ ಕಲ್ಲುಗಣಿಯೊಂದಿತ್ತು. ನೀರು ತುಂಬಿ ಅದು ಕೆರೆಯೇ ಆಗಿಬಿಟ್ಟಿತ್ತು. ಮೂರು ಕಡೆ ಕಡಿದ ಬಂಡೆ, ಒಂದು ಕಡೆ ಮಣ್ಣಿನ ದಂಡೆ, ದಂಡೆಯುದ್ದಕ್ಕೂ ನೀರಿಗೆ ಬಾಗಿದ ಮರಗಳು. ಹದಿಮೂರು ವರ್ಷದ ಮಗಳು ಗಾಳ ಎಸೆಯುವುದರಲ್ಲಿ ಅಪ್ಪನನ್ನೇ ಮೀರಿಸಿದ್ದಳು. ಸಿಕ್ಕಿದ ಮೀನನ್ನು ಕೊಲ್ಲುವ ಕೆಲಸ ಮಾತ್ರ ಇಬ್ಬರದೂ ಅಲ್ಲ. ಷರತ್ತಿನಲ್ಲಿ ಮೀನು ಸೇರಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಸುತ್ತಿಗೆಗೆ ಇರಲಿಲ್ಲ. ಯಾಕೆ ಬೇಕು ಉಸಾಬರಿ ಎಂದು, ಸಿಕ್ಕಿದ್ದನ್ನು ಬಕೆಟ್ಟಿನಲ್ಲಿ ಜೀವಂತ ಇಟ್ಟು ಎರೆಹುಳದ ಬಳಿಗೆ ಒಯ್ಯುತ್ತಿದ್ದ. ಎರೆಹುಳ ಎಂದರೆ ದಂಡೆಯ ಮೇಲೆ ಹುಳ, ಗಾಳ, ದಾರ ಮಾರುವ ಸಣಕಲು ಮುದುಕ.

"ಹೆಸರು ಸುತ್ತಿಗೆ, ಒಂದು ಮೀನಿನ ತಲೆಗೆ ಹೊಡಿಯೋಕಾಗಲ್ಲ ಇವನಿಗೆ" ಎಂದು ಎರೆಹುಳ ನಗುತ್ತ ಮರದ ಕೊಡತಿ ಎತ್ತುತ್ತಿದ್ದ. ಮಗಳೂ ನಗುತ್ತಿದ್ದಳು. ಆ ನಗು ಕೇಳಿ ಸುತ್ತಿಗೆಗೆ ಹೊಟ್ಟೆ ತುಂಬುತ್ತಿತ್ತು.

ಆ ವರ್ಷ ಗಣಿಯ ನೀರಿನಲ್ಲಿ ಈಜುತ್ತಿದ್ದ ಹುಡುಗನೊಬ್ಬನ ಎರಡು ಕಾಲ್ಬೆರಳು ಹೋದವು. ನೀರೊಳಗೆ ಹಳೇ ಯಂತ್ರಗಳ ತಗಡು ಎಷ್ಟೋ ಬಿದ್ದಿತ್ತು, ಯಾವುದಾದರೂ ಕೊಯ್ದಿರಬಹುದು. ಕಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಪಿರಾನ ಎಂಬ ಪದ ದಂಡೆಯ ತುಂಬ ಹಬ್ಬಿತು. ಯಾರೋ ಗಾಜಿನ ತೊಟ್ಟಿಯಲ್ಲಿ ಸಾಕಿ, ದೊಡ್ಡದಾದ ಮೇಲೆ ತಂದು ಬಿಟ್ಟಿದ್ದಾರಂತೆ, ನರಭಕ್ಷಕ ಮೀನಂತೆ. ಎರೆಹುಳ ತನ್ನ ಅಂಗಡಿಯ ತಗಡಿಗೆ ಒಂದು ಚಿತ್ರ ಅಂಟಿಸಿದ. ತಟ್ಟೆಯಂತೆ ಅಗಲ ಮೈ, ಕೆಂಪು ಹೊಟ್ಟೆ. ಕೆಳಗೆ 'ಕಂಡಲ್ಲಿ ಕೊಲ್ಲಿ' ಎಂದು ಬರೆದಿದ್ದ.

ಬೆರಳು ಕಳೆದುಕೊಂಡವನ ಅಪ್ಪ ಬಸ್ ಡ್ರೈವರ್. ಅವನು ಪ್ರತಿ ಭಾನುವಾರ ಬಂದು ದಪ್ಪ ಹಗ್ಗಕ್ಕೆ ಮಾಂಸದ ತುಂಡು ಕಟ್ಟಿ ನೀರಿಗೆ ಬಿಟ್ಟು ಕೂರುತ್ತಿದ್ದ. ಯಾರ ಜೊತೆಗೂ ಮಾತಿಲ್ಲ. ಮಗ್ಗುಲಲ್ಲಿ ಬಸ್ಸಿನ ಚಕ್ರ ಬಿಚ್ಚುವ ಸಲಾಕೆ. ಅವನಿಗೆ ಮೀನು ಬೇಕಿರಲಿಲ್ಲ, ಆ ಮೀನು ಬೇಕಿತ್ತು. ಕುಂಟುವ ಮಗನನ್ನು ಮನೆಯಲ್ಲಿ ದಿನಾ ನೋಡುವವನ ಸಂಕಟ ಏನೆಂದು ಸುತ್ತಿಗೆಗೆ ಅರ್ಥವಾಗುತ್ತಿತ್ತು. ಆದರೂ ಆ ಸಲಾಕೆಯ ಕಡೆ ನೋಡುವುದನ್ನು ಅವನು ತಪ್ಪಿಸುತ್ತಿದ್ದ.

ಈಗ ಆ ಭಾನುವಾರಕ್ಕೆ ಬರೋಣ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಮಗಳ ಕೋಲು ಬಿಲ್ಲಿನಂತೆ ಬಾಗಿತು. "ಅಪ್ಪಾ!" ಎಂದು ಅವಳು ಕಿರುಚಿದಳು. ಸುತ್ತಿಗೆ ಓಡಿಬಂದು ಅವಳ ಸೊಂಟ ಹಿಡಿದುಕೊಂಡ. ಮೀನು ಒಮ್ಮೆ ಬಂಡೆಯ ಕಡೆಗೆ, ಒಮ್ಮೆ ಮರದ ಬೇರಿನ ಕಡೆಗೆ ನುಗ್ಗಿತು. ದಾರ ಮಗಳ ತೋರುಬೆರಳನ್ನು ಕೊಯ್ದು ರಕ್ತ ಕೋಲಿನುದ್ದ ಹರಿಯಿತು. ಅವಳು ಬಿಡಲಿಲ್ಲ. ಕೊನೆಗೆ ಸುತ್ತಿಗೆ ನೀರಿಗಿಳಿದು ಎರಡೂ ಕೈಯಲ್ಲಿ ಬಾಚಿ ದಂಡೆಗೆ ಎಸೆದ. ಅಪ್ಪ ಮಗಳು ಏದುಸಿರು ಬಿಡುತ್ತ ನೋಡಿದರು. ಅಂಥ ಮೀನನ್ನು ಇಬ್ಬರೂ ಕಂಡಿರಲಿಲ್ಲ. ಅಗಲವಾದ ಬೂದು ಮೈ, ಗಟ್ಟಿ ದವಡೆ, ಕೆಂಪಗಿನ ಹೊಟ್ಟೆ.

"ಇದ್ಯಾವ ಮೀನಪ್ಪಾ?"

ಮಗಳು ಕೇಳಿದಾಗ ಗೊತ್ತಿಲ್ಲ ಎನ್ನಲು ಯಾವ ಅಪ್ಪನಿಗೆ ನಾಲಿಗೆ ಬರುತ್ತದೆ? ಅಂಗಡಿಯ ತಗಡಿನ ಚಿತ್ರ ಕಣ್ಣಮುಂದೆ ಬಂತು. ಗಾಡಿಗಳ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು ಹೊಟ್ಟೆಯ ಬಣ್ಣವೊಂದನ್ನೇ ನೋಡಿದ, ನೋಡಿ ಎದೆಯುಬ್ಬಿಸಿದ.

"ಪಿರಾನ ಕಣೇ! ಪಿರಾನ ಹಿಡಿದುಬಿಟ್ಯಲ್ಲೇ!" ಎಂದು ದಂಡೆಗೆಲ್ಲ ಕೇಳುವಂತೆ ಕೂಗಿದ.

ಜನ ಎದ್ದು ಬಂದರು. ಮಗಳು ಮಾತ್ರ ಅಪ್ಪನ ಮಾತಿಗೆ ಉಬ್ಬಲಿಲ್ಲ. ಮಂಡಿಯೂರಿ, ಗಾಳ ಬಿಡಿಸುವ ಇಕ್ಕಳದಿಂದ ಮೀನಿನ ತುಟಿ ಸರಿಸಿದಳು.

"ಅಪ್ಪ, ಹಲ್ಲು ನೋಡು. ಚೂಪಿಲ್ಲ. ನಮ್ಮ ದವಡೆ ಹಲ್ಲಿನ ಥರ ಚಪ್ಪಟೆ ಇದೆ."

ಸುತ್ತಿಗೆ ಬಗ್ಗಿ ನೋಡಿದ. ಮೈ ಜುಮ್ಮೆಂದಿತು. ಮನುಷ್ಯರ ಹಲ್ಲುಗಳೇ, ಸಾಲಾಗಿ, ಮೀನಿನ ಬಾಯೊಳಗೆ. ಕಚ್ಚಿ ಹರಿಯುವ ಹಲ್ಲಲ್ಲ, ಅರೆಯುವ ಹಲ್ಲು. ಎರೆಹುಳ ಆಗಲೇ ಫೋನು ತೆಗೆದು, ಚಿತ್ರಗಳನ್ನು ಮೇಲೆ ಕೆಳಗೆ ಸರಿಸಿ, "ಹುಡುಗಿ ಸರಿ ಹೇಳ್ತಿದಾಳೆ ಮಾರಾಯ. ಇದು ಪಾಕು ಅಂತೆ. ನೋಡೋಕೆ ಪಿರಾನದ ಥರಾನೇ. ಆದ್ರೆ ಹಣ್ಣು, ಕಾಯಿ ತಿನ್ನೋದು" ಎಂದ.

ಆದರೆ ಬಾಯಿಂದ ಹೋದ ಪದ ಅಷ್ಟರಲ್ಲಿ ದಂಡೆಯ ಆ ತುದಿ ತಲುಪಿಯಾಗಿತ್ತು. ಡ್ರೈವರ್ ಜನರನ್ನು ಎರಡೂ ಕಡೆ ತಳ್ಳಿಕೊಂಡು ಬಂದ. ಮೀನನ್ನು ನೋಡಿದ. ಸಲಾಕೆ ಎತ್ತಿ ಹೊಡೆದ. ತಲೆ ಒಡೆಯಿತು. ಮತ್ತೆ ಹೊಡೆದ, ಕಣ್ಣು ಹೊರಗೆ ಬಂತು. ಮೀನು ಸತ್ತ ಮೇಲೂ ಹೊಡೆಯುತ್ತಲೇ ಹೋದ. ರಕ್ತ, ಪೊರೆ, ಕೆಸರು ಎಲ್ಲರ ಬಟ್ಟೆಗೂ ಸಿಡಿಯಿತು. ಕೊನೆಗೊಂದು ಪೆಟ್ಟಿಗೆ ಹೊಟ್ಟೆ ಬಿರಿದು ಒಳಗಿದ್ದದ್ದೆಲ್ಲ ಮಣ್ಣಿಗೆ ಬಿತ್ತು. ಕಡುನೇರಳೆ ತಿರುಳು, ಒಡೆದ ಬೀಜ. ದಂಡೆಯ ಮರಗಳಿಂದ ನೀರಿಗೆ ಉದುರುವ ಹಣ್ಣುಗಳೇ ಅವು. ಮಾಂಸದ ಚೂರು ಒಂದೂ ಇರಲಿಲ್ಲ.

ಎಲ್ಲರೂ ಸುಮ್ಮನಾದರು. ಡ್ರೈವರ್ ಆ ಹಣ್ಣಿನ ರಾಶಿಯನ್ನೇ ನೋಡುತ್ತ ನಿಂತ. ಸುತ್ತಿಗೆಗೆ ಆ ಮೌನ ಹೊಸದಲ್ಲ. ಈಗ ಯಾರೂ ಒಂದಕ್ಷರ ಮಾತಾಡಬಾರದು ಎಂದು ಅವನಿಗೆ ಗೊತ್ತಿತ್ತು. ಮಗಳ ತೋಳಿಗೆ ಕೈ ಹಾಕುವಷ್ಟರಲ್ಲಿ ಅವಳು ಹೇಳಿಬಿಟ್ಟಳು.

"ನೋಡಿ ಅಂಕಲ್, ಹಣ್ಣು. ನಿಮ್ಮ ಮಗನ್ನ ಕಚ್ಚಿದ್ದು ಇದಲ್ಲ. ಸುಮ್ನೆ ಕೊಂದ್ರಿ."

ಅವಳು ಹೇಳಿದ್ದು ಸರಿಯಿತ್ತು. ಸರಿ ಇದ್ದದ್ದಕ್ಕೇ ಡ್ರೈವರಿಗೆ ತಡೆಯಲಾಗಲಿಲ್ಲ. ಕೈ ಬೀಸಿ ಅವಳ ಕೆನ್ನೆಗೆ ಬಾರಿಸಿದ. ಹುಡುಗಿ ಎರಡು ಹೆಜ್ಜೆ ಹಿಂದೆ ಹೋಗಿ ಬಕೆಟ್ಟಿನ ಮೇಲೆ ಬಿದ್ದಳು. ತುಟಿ ಒಡೆದು ಗಲ್ಲದವರೆಗೂ ರಕ್ತ ಇಳಿಯಿತು.

ಸುತ್ತಿಗೆಯ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತು. ಡ್ರೈವರನ ದವಡೆಯ ಮೂಲೆ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲಿ ಹೊಡೆದರೆ ಕಳಚುತ್ತದೆ, ಎಷ್ಟು ಜೋರು ಬೇಕು, ಎಲ್ಲ ಗೊತ್ತಿತ್ತು. ಹೊಡೆದರೆ ನ್ಯಾಯವೇ, ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೆ ಹೆಂಡತಿ ಹೇಳಿದ್ದು ಯಾರ ಮೇಲೂ ಎಂದು, ನ್ಯಾಯ ಇಲ್ಲದಿದ್ದರೆ ಎಂದಲ್ಲ. ಈ ಒಂದು ಪೆಟ್ಟಿಗೆ ಇನ್ನುಳಿದ ಭಾನುವಾರಗಳೆಲ್ಲ ಹೋಗುತ್ತವೆ. ಅವನು ಎತ್ತಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿ, ಎರಡನ್ನೂ ಜೇಬಿಗೆ ತುರುಕಿ, ಮಗಳಿಗೂ ಡ್ರೈವರಿಗೂ ನಡುವೆ ಹೋಗಿ ನಿಂತ.

"ಬೇಡ" ಎಂದ. "ಮಗು ಅದು. ಹೊಡೆಯೋದಿದ್ರೆ ನಂಗೆ ಹೊಡಿ. ಪಿರಾನ ಅಂತ ಕೂಗಿದ್ದು ನಾನು."

ಡ್ರೈವರಿಗೆ ಬೇಕಿದ್ದದ್ದೂ ಅಷ್ಟೇ. ಸಲಾಕೆ ಬಿಸಾಡಿ ಮುಷ್ಟಿಯಲ್ಲೇ ಶುರುಮಾಡಿದ. ಮೊದಲ ಗುದ್ದಿಗೆ ಮೂಗು ಮುರಿಯಿತು. ಎರಡನೆಯದು ಕಣ್ಣಿಗೆ. ಸುತ್ತಿಗೆ ಬಿದ್ದ ಮೇಲೆ ಪಕ್ಕೆಗೆ ಬೂಟಿನಿಂದ ಒದೆಯತೊಡಗಿದ. ಸುತ್ತಿಗೆ ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ಮುಖಕ್ಕೆ ಅಡ್ಡ ಹಿಡಿಯಲು ತೆಗೆದರೂ ಮುಂದಿನದನ್ನು ಕೈ ತಾನೇ ನೋಡಿಕೊಳ್ಳುತ್ತದೆ ಎಂಬ ಭಯ ಅವನಿಗೆ. ಬಾಯಿಗೆ ಮಣ್ಣು ಸೇರಿತು. ಪಕ್ಕೆಲುಬು ಲಟಕ್ಕೆಂದಿತು. ಸುತ್ತ ನಿಂತವರು ಅಯ್ಯೋ ಅಯ್ಯೋ ಎಂದರೇ ಹೊರತು ಒಬ್ಬನೂ ಮುಂದೆ ಬರಲಿಲ್ಲ. ನೋವಿನ ನಡುವೆಯೂ ಸುತ್ತಿಗೆಗೆ ಒಂದು ಬಗೆಯ ಸಮಾಧಾನವಿತ್ತು. ಹೊಡೆಯಲಿ, ಎಷ್ಟಾದರೂ ಹೊಡೆಯಲಿ, ನಾನು ಎತ್ತಲಿಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದ.

ಆಗ ಒದೆ ನಿಂತಿತು.

ಊದಿಕೊಂಡ ಕಣ್ಣನ್ನು ಬಲವಂತವಾಗಿ ತೆರೆದು ನೋಡಿದ. ಗಾಳದ ಕೋಲು ಆನಿಸಲು ಮಣ್ಣಿಗೆ ಚುಚ್ಚಿದ್ದ ಕಬ್ಬಿಣದ ಗೂಟವನ್ನು ಮಗಳು ಕಿತ್ತು ಹಿಡಿದಿದ್ದಳು. ಡ್ರೈವರ್ ಭುಜ ಹಿಡಿದುಕೊಂಡು ಬಗ್ಗಿದ್ದ. ಅವಳು ಎಡಗಾಲು ಮುಂದಿಟ್ಟು, ಮೈಯ ಭಾರವನ್ನೆಲ್ಲ ತೋಳಿಗೆ ತಂದು ಇನ್ನೊಮ್ಮೆ ಹೊಡೆದಳು. ಹೊಡೆತ ಕಿವಿಯ ಮೇಲೆ ಬಿತ್ತು, ಕಿವಿ ಹರಿದು ಜೋತಿತು. ಡ್ರೈವರ್ ಮಂಡಿಯೂರಿದ. ಅವಳು ಮತ್ತೆ ಎತ್ತಿದಳು. ಹೆದರಿ ಕಣ್ಣುಮುಚ್ಚಿ ಹೊಡೆಯುವ ಹುಡುಗಿಯರನ್ನು ಸುತ್ತಿಗೆ ಕಂಡಿದ್ದ. ಇವಳ ಕಣ್ಣು ತೆರೆದೇ ಇತ್ತು, ಎಲ್ಲಿಗೆ ಎಂದು ಆರಿಸುತ್ತಿತ್ತು.

ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಆಯಿತು, ಸುಳ್ಳು ಯಾಕೆ ಹೇಳಬೇಕು? ನನ್ನ ಮಗಳು, ನನ್ನ ಕೈ ಎಂದು ಎದೆ ಹಿಗ್ಗಿತು. ಮರುಗಳಿಗೆಯೇ ಹೆದರಿಕೆಯಾಯಿತು. ಮುರಿದ ಪಕ್ಕೆಯನ್ನು ಲೆಕ್ಕಿಸದೆ ಎದ್ದು ಹೋಗಿ ಅವಳನ್ನು ಗೂಟದ ಸಮೇತ ತಬ್ಬಿ ಹಿಡಿದ. "ಸಾಕು, ಸಾಕು ಮರೀ, ಸಾಕು" ಎಂದ. ಅವನ ಹಿಡಿತದೊಳಗೆ ಅವಳು ಡ್ರೈವರನ ಕಡೆಗೆ ಇನ್ನೂ ಜಗ್ಗುತ್ತಲೇ ಇದ್ದಳು.

ಎರೆಹುಳ ಡ್ರೈವರನ ತಲೆಗೆ ತನ್ನ ಅಂಗಿ ಸುತ್ತಿ, ಯಾರದೋ ವ್ಯಾನಿನಲ್ಲಿ ಕೂರಿಸಿದ. ಡ್ರೈವರ್ ಮಗುವಿನಂತೆ ಅಳುತ್ತಿದ್ದ. ಹೋಗುವಾಗ ಅವನೇ, "ಪೊಲೀಸು ಗಿಲೀಸು ಬೇಡ. ಮೊದಲು ಕೈ ಮಾಡಿದ್ದು ನಾನು. ಚಿಕ್ಕ ಹುಡುಗಿ ಮೇಲೆ ಮಾಡ್ದೆ" ಎಂದ. ದಂಡೆಯ ಮೇಲೆ ಮೀನಿನ ಜಜ್ಜಿದ ಮೈಗೆ ಇರುವೆ ಹತ್ತತೊಡಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಜನ ಇವರ ಅವತಾರ ನೋಡಿ ದೂರ ಸರಿದು ಕೂತರು. ಸುತ್ತಿಗೆ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಮಗಳು ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ನೀನ್ಯಾಕಪ್ಪ ಹೊಡೀಲಿಲ್ಲ?"

"ನಿಮ್ಮಮ್ಮಂಗೆ ಮಾತು ಕೊಟ್ಟಿದ್ನಲ್ಲ."

ಅವಳು ಅಂಗೈಗಳನ್ನು ಮಡಿಲಲ್ಲಿ ಮಡಚಿಟ್ಟುಕೊಂಡಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹೊಡೆದಾಗ ಒಂಥರಾ ಹಗುರ ಆಯ್ತಪ್ಪ. ಮೈಯೆಲ್ಲ. ನಿಂಗೂ ಹಂಗೇ ಆಗ್ತಿತ್ತಾ?" ಎಂದು ಕೇಳಿದಳು.

ಸುತ್ತಿಗೆಗೆ ಅಷ್ಟು ಹೊತ್ತು ತಿಂದ ಯಾವ ಪೆಟ್ಟೂ ಇಷ್ಟು ನಾಟಿರಲಿಲ್ಲ. ಹೌದು ಎನ್ನಬೇಕಿತ್ತು, ಯಾಕೆಂದರೆ ಅದೇ ನಿಜ. ಅವನು ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡ.

ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಹೆಂಡತಿಯ ಅಕ್ಕನ ಮನೆ. ಮೆಟ್ಟಿಲ ತಿರುವಿನಲ್ಲಿ ಒಗೆಯುವ ಯಂತ್ರವೊಂದು ಗಡಗಡ ನಡುಗುತ್ತಿತ್ತು. ಬಿಸಿ ಇಸ್ತ್ರಿಯ ವಾಸನೆ. ಹೆಂಡತಿ ಬಾಗಿಲು ತೆರೆದವಳು ಮಗಳ ಒಡೆದ ತುಟಿ ನೋಡಿದಳು, ಅಂಗಿಯ ರಕ್ತ ನೋಡಿದಳು, ಕೊನೆಗೆ ಗಂಡನ ಮುಖ ನೋಡಿದಳು. ಮಗಳನ್ನು ಎಡಗೈಯಿಂದ ಒಳಗೆಳೆದುಕೊಂಡಳು.

"ಯಾರಿಗೆ ಹೊಡೆದೆ?"

"ಅಪ್ಪ ಹೊಡೀಲಿಲ್ಲಮ್ಮ! ಒಂದೇಟೂ ಹೊಡೀಲಿಲ್ಲ" ಎಂದು ಮಗಳು ಒಂದೇ ಉಸಿರಿಗೆ ಹೇಳಿದಳು. "ಆ ಡ್ರೈವರ್ ನಂಗೆ ಹೊಡೆದ, ಅಪ್ಪಂಗೂ ಹೊಡೆದ. ಅಪ್ಪ ಸುಮ್ನೆ ಏಟು ತಿಂತಿದ್ದ. ನಾನೇ ಅವನಿಗೆ ಹೊಡೆದಿದ್ದು. ಗೂಟದಲ್ಲಿ."

ಹೆಂಡತಿ ಅವಳ ಮಾತು ಪೂರ್ತಿ ಕೇಳಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ದನಿ ಏರಲಿಲ್ಲ.

"ಸುಳ್ಳು ಹೇಳೋದನ್ನೂ ಕಲಿಸ್ಕೊಂಡು ಕರ್ಕೊಂಡ್ ಬಂದ್ಯಾ?"

ಅಲ್ಲ ಎನ್ನಲು ಸುತ್ತಿಗೆ ಬಾಯಿ ತೆರೆದ. ಎರೆಹುಳನಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು, ದಂಡೆಯ ಜನರೆಲ್ಲ ಸಾಕ್ಷಿ ಹೇಳುತ್ತಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ಅವನು ನಿರಪರಾಧಿಯಾಗಿ ಆ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಕಣ್ಣು ಅವನ ಬಲಗೈಯ ಮೇಲಿತ್ತು. ಆ ನೋಟ ಅವನಿಗೆ ಗೊತ್ತಿತ್ತು. ಕೈ ಯಾವಾಗ ಏಳುತ್ತದೋ ಎಂದು ಕಾಯುವ ನೋಟ ಅದು, ಎಷ್ಟೋ ವರ್ಷ ಒಂದೇ ಸೂರಿನಡಿ ಅದರ ಎದುರಲ್ಲೇ ಬದುಕಿದ್ದ. ನಾಳೆಯಿಂದ ಅವಳು ಮಗಳ ಕೈಯನ್ನೂ ಹಾಗೆ ನೋಡತೊಡಗಿದರೆ? ಊಟ ಬಡಿಸುವಾಗ, ತಲೆ ಬಾಚುವಾಗ, ಮಾತಿಗೆ ಮಾತು ಬಂದಾಗ?

ಅದು ಬೇಡ. ಬೇಡವೇ ಬೇಡ.

"ನಾನೇ ಹೊಡೆದೆ" ಎಂದ ಸುತ್ತಿಗೆ. "ಅವಳು ನನ್ನ ಉಳಿಸೋಕೆ ಹೇಳ್ತಿದಾಳೆ."

"ಗೊತ್ತಿತ್ತು" ಎಂದಳು ಹೆಂಡತಿ. ಸಿಟ್ಟಿರಲಿಲ್ಲ, ಸುಸ್ತಿತ್ತು. "ಇನ್ಮೇಲೆ ಬರ್ಬೇಡ."

ಬಾಗಿಲು ಮುಚ್ಚಿತು. ಒಳಗೆ ಮಗಳು ಕಿರುಚುವುದು ಕೇಳಿಸಿತು. "ಸುಳ್ಳು! ಅಪ್ಪ ಸುಳ್ಳು ಹೇಳ್ತಿದಾನೆ! ನಾನು ಹೊಡೆದಿದ್ದು, ನಾನು!" ಆಮೇಲೆ ಅವಳು ಬಾಗಿಲನ್ನು ಮುಷ್ಟಿಯಿಂದ ಗುದ್ದತೊಡಗಿದಳು. ಹಲಗೆ ಅದುರಿತು. ಚಿಲಕ ಕುಣಿಯಿತು. ಅವಳಮ್ಮ ಏನೋ ಗದರಿದಳು, ಗುದ್ದು ಇನ್ನಷ್ಟು ಜೋರಾಯಿತು.

ಸುತ್ತಿಗೆ ಬಾಗಿಲಿಗೆ ಹಣೆ ಒತ್ತಿ ನಿಂತ.

"ಹೊಡೀಬೇಡ ಮರೀ" ಎಂದ, ಒಳಗೆ ಕೇಳುವಷ್ಟೇ ದನಿಯಲ್ಲಿ. "ಕೈ ನೋಯುತ್ತೆ."

ಗುದ್ದು ನಿಲ್ಲುವವರೆಗೂ ಅಲ್ಲೇ ಇದ್ದು, ಆಮೇಲೆ ಪಕ್ಕೆ ಹಿಡಿದುಕೊಂಡು ಮೆಟ್ಟಿಲಿಳಿದ.